ಕಲ್ಲಿನಡಿಯ ಸಾಕ್ಷಿಗಳನ್ನೂ ಕೇಳಬೇಕು

ಮಂಗಳೂರಿನ ನಲ್ಲಿಗಳಿಗೆ ನೀರು ಬರುವುದು ತುಂಬೆಯ ಅಣೆಕಟ್ಟಿನಿಂದ, ಅಲ್ಲಿಗೆ ನೇತ್ರಾವತಿಯಿಂದ, ನೇತ್ರಾವತಿಗೆ ಪಶ್ಚಿಮ ಘಟ್ಟದ ಅಸಂಖ್ಯ ಹಳ್ಳಗಳಿಂದ. ಆ ಹಳ್ಳಗಳ ಸುತ್ತಲಿನ ಕಾಡಿಗೆ ಎಷ್ಟು ಪೆಟ್ಟು ಬಿದ್ದಿದೆಯೆಂದು ತಿಳಿಯಲು ನಮ್ಮ ಆಡಳಿತ ಮುಖ್ಯವಾಗಿ ನೆಚ್ಚಿರುವುದು ಎರಡು ಲೆಕ್ಕಗಳನ್ನು: ಎಷ್ಟು ಹೆಕ್ಟೇರ್, ಎಷ್ಟು ಮರ. ಸೇವೆಯಲ್ಲಿದ್ದಾಗ ಅಂಥ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಮರಗಳ ಪಟ್ಟಿಯ ಜತೆ ಹಳ್ಳದ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಆಗ ನನಗೆ ಕೊರತೆಯೆಂದೇ ತೋರಿರಲಿಲ್ಲ.

ಕಾಡಿನ ಹಳ್ಳದಲ್ಲಿ ಕಲ್ಲೊಂದನ್ನು ಮಗುಚಿದರೆ ಅದರಡಿಗೆ ಅಂಟಿಕೊಂಡ ಪುಟ್ಟ ಮರಿಹುಳುಗಳು ಕಾಣುತ್ತವೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಈ ಕೀಟಗಳ ಬಾಲ್ಯವೆಲ್ಲ ನೀರಿನಲ್ಲೇ. ಅವುಗಳಲ್ಲಿ ಹೆಚ್ಚಿನವಕ್ಕೆ ತಂಪಾದ, ಆಮ್ಲಜನಕ ತುಂಬಿದ ಹರಿವು ಬೇಕು. ದಡದ ಮರ ಉರುಳಿದರೆ ನೆರಳು ಹೋಗಿ ನೀರು ಬಿಸಿಯಾಗುತ್ತದೆ. ತರಗೆಲೆ ತಿಂದು ಬದುಕುವ ಹುಳುಗಳಿಗೆ ಆಹಾರ ತಪ್ಪುತ್ತದೆ. ರಸ್ತೆಗೋ ಕೊಳವೆಗೋ ಗುಡ್ಡ ಅಗೆದರೆ ಹೂಳು ಬಂದು ಕಲ್ಲುಗಳ ಸಂದುಗಳನ್ನು ಮುಚ್ಚುತ್ತದೆ, ಹುಳುಗಳ ಕಿವಿರುಗಳನ್ನು ಕಟ್ಟುತ್ತದೆ. ಪ್ರಯೋಗಾಲಯಕ್ಕೆ ಒಯ್ದ ಬಾಟಲಿ ನೀರು ಆ ದಿನದ ಸ್ಥಿತಿಯನ್ನಷ್ಟೇ ಹೇಳೀತು; ತಿಂಗಳುಗಟ್ಟಲೆ ಅಲ್ಲೇ ಬಾಳಿದ ಹುಳು ಕಳೆದ ದಿನಗಳಿಗೂ ಸಾಕ್ಷಿ.

ಒಟ್ಟು ಸಂಖ್ಯೆ ನೋಡಿ ಮಾತ್ರ ಮೋಸಹೋಗಬಾರದು. ಸೂಕ್ಷ್ಮ ಜಾತಿಗಳು ಅಳಿದ ಹಳ್ಳದಲ್ಲೂ ಕೆಸರು ಸಹಿಸುವ ಹುಳುಗಳು ತುಂಬಿ ತುಳುಕಬಹುದು. ತಲಾ ಆದಾಯದ ಸರಾಸರಿಯನ್ನು ನಂಬಿ ಕೆಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ಇಂಥ ಜೀವಿಗಳನ್ನು ಆಧರಿಸಿದ ಮಾನದಂಡವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ರೂಪಿಸಿದೆ. ಪ್ರತಿ ಪ್ರಭೇದವನ್ನೂ ಗುರುತಿಸಬೇಕಿಲ್ಲ, ಯಾವ ಕುಟುಂಬದ್ದೆಂದು ತಿಳಿದರೆ ಸಾಕು. ಒಂದು ಬಲೆ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಮತ್ತು ತರಬೇತಿ ಪಡೆದ ಕಾಲೇಜು ವಿದ್ಯಾರ್ಥಿಗಳಿದ್ದರೆ ಕೆಲಸ ನಡೆಯುತ್ತದೆ.

ಎತ್ತಿನಹೊಳೆಯ ಉದಾಹರಣೆ ನಮ್ಮ ಮುಂದಿದೆ. ಕುಡಿಯುವ ನೀರಿನ ಯೋಜನೆಯೆಂಬ ಕಾರಣಕ್ಕೆ ಅದಕ್ಕೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿ ಬೇಕಿಲ್ಲವೆಂದಾಯಿತು. 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ನಡುವಿನ ವರ್ಷಗಳೆಲ್ಲ ಬಹುಪಾಲು 24 ಟಿಎಂಸಿ ನೀರು ಸಿಗುವುದೇ ಇಲ್ಲವೇ ಎಂಬ ವಾದದಲ್ಲಿ ಕಳೆದವು. ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಒಡ್ಡುಗಳ ಮೇಲೂ ಕೆಳಗೂ, ಮುಟ್ಟದ ನೆರೆಯ ಹಳ್ಳವೊಂದರಲ್ಲೂ ಪ್ರತಿವರ್ಷ ಹುಳುಗಳ ಲೆಕ್ಕ ನಡೆಯಬೇಕು. ಫಲಿತಾಂಶ ಜಿಲ್ಲಾಧಿಕಾರಿಗಳ ಕಚೇರಿಯ ಫಲಕದಲ್ಲಿ ಪ್ರಕಟವಾಗಬೇಕು. ಮಳೆಗಾಲದ ನೆರೆ ಹುಳುಗಳನ್ನು ತಾನಾಗಿಯೇ ಕೊಚ್ಚಿಕೊಂಡು ಹೋಗುವುದರಿಂದ, ಹಳ್ಳ ತಿಳಿಯಾದ ಬಳಿಕ, ಡಿಸೆಂಬರ್ ಹೊತ್ತಿಗೆ ಎಣಿಸುವುದು ಲೇಸು. ಮುಂದೆ ಘಟ್ಟದಲ್ಲಿ ಅಗೆಯಲು ಬರುವ ಯೋಜನೆಗಳಿಗಾದರೋ, ಕೆಲಸ ಆರಂಭವಾಗುವ ಮುನ್ನಿನ ಒಂದು ವರ್ಷದ ಲೆಕ್ಕವಿಲ್ಲದೆ ಕಡತ ಮೇಜಿನಿಂದ ಏಳಬಾರದು.