ಇಂಟರ್ವಲ್ ತಿಂಡಿ: ಬೈಪಾಸ್ ಮೇಲೆ ವಡೆ ಬುಟ್ಟಿ ಹತ್ತೋದಿಲ್ಲ!

ಗೆಳೆಯರೇ, ಊಟ ಆಯ್ತಾ? ಆಗಿದ್ರೆ ಮುಂದಕ್ಕೆ ಓದಿ. ಆಗಿಲ್ಲ ಅಂದ್ರೆ ಪುಟ ಮಡಚಿ ಜೇಬಲ್ಲಿಟ್ಟುಕೊಂಡು ಮೊದಲು ಏನಾದರೂ ತಿಂದು ಬನ್ನಿ. ಖಾಲಿ ಹೊಟ್ಟೇಲಿ ಈ ಅಂಕಣ ಓದಿ, "ನಿಮ್ಮಿಂದಾಗಿ ಪಿಕ್ಚರ್ ಟಿಕೆಟ್ಟಿನ ದುಡ್ಡು ಹೋಟ್ಲು ಪಾಲಾಯ್ತು" ಅಂತ ಆಮೇಲೆ ನನಗೆ ಕಾಗದ ಬರೀಬೇಡಿ!

ಹೋದ ತಿಂಗಳು ನಮ್ಮ ಸಂಪಾದಕರು ಕರೆದು, "ಮೈಸೂರಲ್ಲಿ ಹೊಸ ಹುಡುಗರ ಚಿತ್ರದ ಶೂಟಿಂಗ್ ನಡೀತಿದೆ, ಹೋಗಿ ನೋಡಿಕೊಂಡು ಬಾ" ಅಂದರು. ಬಸ್ ಚಾರ್ಜು ಎಣಿಸಿ ಕೊಟ್ಟರು. "ಸಾರ್, ಊಟಕ್ಕೆ...?" ಅಂದೆ. "ಶೂಟಿಂಗಲ್ಲಿ ಹಾಕ್ತಾರೆ ಹೋಗಯ್ಯಾ" ಅಂದರು. ಹೊರಗಿನಿಂದ ಬರೆದುಕೊಡುವವನ ಹಣೆಬರಹವೇ ಇಷ್ಟು. ಎರಡನೇ ಪ್ರಶ್ನೆ ಕೇಳೋ ಹಾಗಿಲ್ಲ.

ಹೊತ್ತಾಗಿತ್ತು ಅಂತ ಸ್ಯಾಟಲೈಟ್ ಬಸ್ ಸ್ಟಾಂಡಿನಲ್ಲಿ ನಾನ್‌ಸ್ಟಾಪ್ ಹತ್ತಿದೆ. ಅಲ್ಲೇ ಆದದ್ದು ತಪ್ಪು! ಬಾಗಿಲು ಹಾಕಿದ್ದು ಬೆಂಗಳೂರಲ್ಲಿ, ತೆಗೆದದ್ದು ಮೈಸೂರಲ್ಲಿ. ಕಿಟಕಿ ತೆಗೆಯೋ ಹಾಗಿಲ್ಲ, ತೆಗೆದರೂ ಹೊರಗೆ ತಂತಿ ಬೇಲಿ. ಬಿಡದಿ ಅಂದರೆ ಒಂದು ಬೋರ್ಡು, ರಾಮನಗರ ಅಂದರೆ ಇನ್ನೊಂದು ಬೋರ್ಡು. ಚನ್ನಪಟ್ಟಣ, ಮದ್ದೂರು, ಮಂಡ್ಯ... ಎಲ್ಲ ಬೋರ್ಡುಗಳೇ ಕಣ್ರೀ, ಟೈಟಲ್ ಕಾರ್ಡಿನ ಹಾಗೆ ಬಂದು ಬಂದು ಹೋದವು. ಪಿಕ್ಚರ್ರೇ ಶುರುವಾಗಲಿಲ್ಲ!

2023ರ ಮಾರ್ಚ್ 12ರಂದು ಈ ದಶಪಥ ಉದ್ಘಾಟನೆ ಆಯಿತು. ಉದ್ದ 118 ಕಿಲೋಮೀಟರ್. ದಾರಿಯ ಊರುಗಳಿಗೆಲ್ಲ ಬೈಪಾಸ್. ರಾಮನಗರ-ಚನ್ನಪಟ್ಟಣದ ಬೈಪಾಸ್ ಒಂದೇ 22 ಕಿಲೋಮೀಟರ್. ಬೇಗ ಹೋಗ್ತೀವಿ, ನಿಜ. ಎರಡು ಗಂಟೆ ಚಿಲ್ಲರೆಯಲ್ಲಿ ಮೈಸೂರಲ್ಲಿದ್ದೆ. ಅಷ್ಟೊತ್ತಿಗೆ ನನ್ನ ಹೊಟ್ಟೆಯಲ್ಲಿ ಫೈಟಿಂಗ್ ಸೀನು ಶುರುವಾಗಿತ್ತು.

ಶೂಟಿಂಗ್ ಜಾಗಕ್ಕೆ ಹೋದರೆ ಒಬ್ಬ ಲೈಟ್ ಹುಡುಗ, ಎರಡು ನಾಯಿ. ನಾಯಕನಟರಿಗೆ ಜ್ವರವಂತೆ, ಪ್ಯಾಕಪ್ ಅಂತೆ. ಅಡಿಗೆಯವರು ಪಾತ್ರೆ ತೊಳೆದು ಲಾರಿಗೆ ಹಾಕಿಯೂ ಆಗಿತ್ತು. ಸರಿ, ಇನ್ನೇನು ಮಾಡೋದು? ನಜರ್‌ಬಾದಿನ ಕಡೆ ಕಾಲು ಹಾಕಿದೆ.

ಮೈಲಾರಿ ದೋಸೆ ತಿಂದಿದ್ದೀರಾ? 1938ರಿಂದ ನಡೀತಿರೋ ಹೋಟ್ಲು. ಅದೇ ರಸ್ತೆಯಲ್ಲಿ ಎರಡು ಮೈಲಾರಿ ಇವೆ, ಒಂದರ ಬೋರ್ಡಿನಲ್ಲಿ ಒರಿಜಿನಲ್ ಅಂತಲೂ ಉಂಟು. ನಮ್ಮ ಸಿನಿಮಾದ ಡಬಲ್ ಆಕ್ಟಿಂಗ್ ಥರ. ನಾನು ಎರಡು ಕಡೆಯೂ ತಿಂದಿದ್ದೇನೆ, ಯಾರ ಕಡೆಯೂ ಸಾಕ್ಷಿ ಹೇಳೋದಿಲ್ಲ! ದೋಸೆ ಗರಿಗರಿ ಅಲ್ಲ, ಮೆತ್ತಗೆ. ಮೇಲೆ ಬೆಣ್ಣೆ. ಮುರಿಯಬೇಕಾದ್ದೇ ಇಲ್ಲ, ಬೆರಳು ಇಟ್ಟರೆ ಸಾಕು, ತಾನೇ ಬಿಟ್ಟುಕೊಳ್ಳುತ್ತೆ. ಒಂದು ತಿಂದವನು ಎದ್ದು ಹೋದದ್ದನ್ನು ಈವರೆಗೆ ನೋಡಿಲ್ಲ. ನಾನು ಮೂರು.

ಹೊಟ್ಟೆ ತಣ್ಣಗಾದ ಮೇಲೆ ತಲೆ ಓಡಿತು. ವರದಿ ಅಂತೂ ಇಲ್ಲ, ಅವಸರ ಯಾಕೆ? ಹಳೇ ರಸ್ತೆಯಲ್ಲೇ, ಊರೂರಿನ ಮೇಲೆ ಹೋಗುವ ಕೆಂಪು ಬಸ್ಸಲ್ಲೇ ವಾಪಸು ಹೋಗೋಣ ಅನ್ನಿಸಿತು. ಅದಕ್ಕೆ ಇನ್ನೂ ಒಂದು ಕಾರಣ ಇತ್ತು. ಮದ್ದೂರು ಬಸ್ ಸ್ಟಾಂಡಿನಲ್ಲಿ ನನ್ನದೊಂದು ಹಳೇ ಸಾಲ ಬಾಕಿ.

2015ರ ಸುಮಾರು. ನಾನಾಗ ಮದ್ದೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನೋದು ಮರ್ಯಾದೆಗೆ ಹೇಳೋ ಮಾತು. ಕಾಲೇಜಿಗಿಂತ ಬಸ್ ಸ್ಟಾಂಡಿನಲ್ಲೇ ಹೆಚ್ಚು ಹಾಜರಿ. ಅಲ್ಲೊಬ್ಬ ವಡೆ ಮಾರುವ ಅಣ್ಣ. ಬಸ್ಸು ಇನ್ನೂ ಪೂರ್ತಿ ನಿಂತಿರುತ್ತಿರಲಿಲ್ಲ, ಅಷ್ಟರಲ್ಲಿ ಬುಟ್ಟಿ ಸಮೇತ ಒಳಗಿರುತ್ತಿದ್ದ. ಹಿಂದಿನ ಬಾಗಿಲಲ್ಲಿ ಹತ್ತಿ, ಇಪ್ಪತ್ತು ಜನಕ್ಕೆ ಕೊಟ್ಟು, ಚಿಲ್ಲರೆ ಕೊಟ್ಟು, ಮುಂದಿನ ಬಾಗಿಲಲ್ಲಿ ಇಳಿದಿರುತ್ತಿದ್ದ. ಬೆಳ್ಳಿತೆರೆಯಲ್ಲಿ ಯಾವ ನಾಯಕನೂ ಅಷ್ಟು ನಾಜೂಕಾಗಿ ಬಸ್ಸು ಹತ್ತಿ ಇಳಿದದ್ದನ್ನು ನಾ ಕಾಣೆ. ಪಿಕ್ಚರಿಗೆ ದುಡ್ಡು ಕೊಟ್ಟು ಜೇಬು ಖಾಲಿಯಾದ ದಿನ ಅವನೇ ನನಗೆ ಗತಿ. "ಬರ್ಕೊಳಣ್ಣ" ಅಂತಿದ್ದೆ. ಅವನಿಗೆ ಬರೆಯೋಕೆ ಪುಸ್ತಕ ಇರಲಿಲ್ಲ. ಆಮೇಲೆ ನಾನು ಪಿಯುಸಿಗೆ ಕೈಮುಗಿದು ಬೆಂಗಳೂರಿಗೆ ಬಂದೆ. ನಲವತ್ತು ರೂಪಾಯಿ ಅಲ್ಲೇ ಉಳಿಯಿತು.

ಕೆಂಪು ಬಸ್ಸಿನ ಕಂಡಕ್ಟರು, "ಬೆಂಗ್ಳೂರಿಗಾ? ನಾನ್‌ಸ್ಟಾಪ್ ಆ ಕಡೆ ನಿಂತದೆ ನೋಡಿ" ಅಂದರು. "ಇದೇ ಇರಲಿ ಸಾರ್" ಅಂದಾಗ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಶ್ರೀರಂಗಪಟ್ಟಣ ದಾಟಿ ಮಂಡ್ಯ ತಲುಪುವಾಗ ಊಟದ ಹೊತ್ತು. "ಹದಿನೈದು ನಿಮಿಷ" ಅಂತ ಕೂಗಿದರು. ಹದಿನೈದೇ ನಿಮಿಷದಲ್ಲಿ ಮುಗಿಯೋ ಭರ್ಜರಿ ಊಟ ಅಂದರೆ ಮುದ್ದೆ ಒಂದೇ. ಅಗಿಯೋ ಕೆಲಸವೇ ಇಲ್ಲವಲ್ಲ! ಹತ್ತಿರದ ಮಿಲ್ಟ್ರಿ ಹೋಟ್ಲಿಗೆ ನುಗ್ಗಿ ಒಂದು ಮುದ್ದೆ, ಒಂದು ನಾಟಿಕೋಳಿ ಸಾರು. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಗುಳುಂ ಅನ್ನಿಸಬೇಕು. ಬೆಂಗಳೂರಿನ ಕೆಲವು ಗೆಳೆಯರು ಚಮಚದಲ್ಲಿ ತಿನ್ನೋದನ್ನ ನೋಡಿದ್ದೇನೆ. ಅವರ ಹೆಸರು ಇಲ್ಲಿ ಬರೆದರೆ ಸ್ನೇಹ ಕೆಡುತ್ತೆ. ಗೋಡೆ ಮೇಲೆ ಹಾರ ಹಾಕಿದ ಅಂಬರೀಶ್ ಫೋಟೋ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಹುಡುಗ 1972ರ 'ನಾಗರಹಾವು' ಚಿತ್ರದಲ್ಲಿ ಜಲೀಲನಾಗಿ ಬಂದದ್ದು, 2018ರ ನವೆಂಬರ್ 24ರಂದು ಹೋದದ್ದು ನಿಮಗೆ ನಾನು ಹೇಳಬೇಕೇ? ಸಪ್ಲೈಯರ್ ಅಣ್ಣ ಇನ್ನೊಂದು ಸೌಟು ಸಾರು ಹಾಕುತ್ತಾ ಆ ಫೋಟೋ ಕಡೆ ಕೈ ತೋರಿಸಿ, "ಅಣ್ಣ ನೋಡ್ತಾ ಅವ್ರೆ, ಬುಡ್ಬೇಡಿ, ತಿನ್ನಿ" ಅಂದ. ಬಿಡೋಕಾಗುತ್ತಾ?

ಈಗ ಮದ್ದೂರು.

ವಡೆಯ ಹುಟ್ಟಿನ ಬಗ್ಗೆ ಮದ್ದೂರಿನವರು ಹೇಳೋ ಕಥೆ ಹೀಗೆ. ಅದು ಹುಟ್ಟಿದ್ದು ಬಸ್ ಸ್ಟಾಂಡಿನಲ್ಲಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ. 1917ರ ಸುಮಾರು ರಾಮಚಂದ್ರ ಬುಧ್ಯ ಅನ್ನುವವರು ಅಲ್ಲಿ ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ರೈಲು ಬಂದೇಬಿಡ್ತು, ತಿಂಡಿ ರೆಡಿ ಇಲ್ಲ. ಕಲಸಿದ ಹಿಟ್ಟನ್ನೇ ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅವಸರದಲ್ಲಿ ಆದದ್ದೇ ರುಚಿಯಾಯಿತು!

ಕಥೆ ಹಾಗಿರಲಿ, ವಡೆ ನೋಡಿ. ಉದ್ದಿನ ಬೇಳೆ ನೆನೆಸಿ ರುಬ್ಬೋ ತಾಪತ್ರಯ ಇಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ. ಉದ್ದುದ್ದ ಸೀಳಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು. ಅದಕ್ಕೆ ಬಿಸಿ ಎಣ್ಣೆ ಇಲ್ಲವೇ ತುಪ್ಪ ಹಾಕಿ ಹಿಟ್ಟು ಪುಡಿಪುಡಿ ಆಗೋ ಹಾಗೆ ತಿಕ್ಕಬೇಕು. ನೀರು ಎಷ್ಟು ಬೇಕೋ ಅಷ್ಟೇ. ಅಂಗೈಯಗಲ ತಟ್ಟಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕರಿಯಬೇಕು. ದೊಡ್ಡ ಉರಿ ಇಟ್ಟರೆ ಹೊರಗೆ ಕೆಂಪು, ಒಳಗೆ ಹಸಿ. ನೀರು ಕಡಿಮೆ ಇರೋದಕ್ಕೇ ಅದು ಮಾರನೇ ದಿನಕ್ಕೂ ಕೆಡೋದಿಲ್ಲ. ಚಟ್ನಿ ಇಲ್ಲದಿದ್ರೂ ನಡೆಯುತ್ತೆ. ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ತಿನ್ನಬಹುದು. ಅಂದರೆ ಪ್ರಯಾಣಕ್ಕೇ ಹುಟ್ಟಿದ ತಿಂಡಿ ಕಣ್ರೀ ಇದು! ಬೆಂಗಳೂರಿನ ಹೋಟ್ಲಿನಲ್ಲಿ ತಟ್ಟೆಗೆ ಹಾಕಿ, ಪಕ್ಕದಲ್ಲಿ ಟಿಶ್ಯೂ ಪೇಪರ್ ಇಟ್ಟು ಕೊಟ್ಟರೆ ನನಗಂತೂ ಅದು ವಡೆ ಅನ್ನಿಸೋದಿಲ್ಲ.

ಬಸ್ಸು ಸ್ಟಾಂಡಿಗೆ ತಿರುಗಿತು. ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. ಯಾರೂ ಓಡಿ ಬರಲಿಲ್ಲ. ಇಳಿದೆ. ಅಂಗಡಿ ಸಾಲಿನ ನೆರಳಲ್ಲಿ, ಕಲ್ಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಕೂದಲು ಬೆಳ್ಳಗಾಗಿತ್ತು.

"ಯಾರ್ಲಾ ಇದು... ಕಾಲೇಜ್ ಹುಡ್ಗ!"

"ಅಣ್ಣಾ, ನಲವತ್ತು ರೂಪಾಯಿ ಬಾಕಿ ಇತ್ತು" ಅಂತ ನೋಟು ತೆಗೆದೆ.

"ನಲ್ವತ್ತಲ್ಲ ಕಣ್ಲಾ, ಅರವತ್ತು. ಒಂದಿನ ಮಳೇಲಿ ನಿನ್ ಜೊತೆಗಾರನ್ಗೂ ಕೊಡ್ಸಿದ್ದೆ."

ನಿಜ! ನನಗೇ ಮರೆತಿತ್ತು. ಸಿನಿಮಾದಲ್ಲಾದರೆ ಇಂಥ ಕಡೆ "ದುಡ್ಡು ಬೇಡ ತಮ್ಮಾ" ಅಂತ ತಬ್ಬಿಕೊಂಡು ಕಣ್ಣೀರು ಹಾಕುತ್ತಾರೆ. ಇವನು ಅರವತ್ತು ರೂಪಾಯಿ ಎಣಿಸಿ ಜೇಬಿಗಿಟ್ಟುಕೊಂಡ. ಬಡ್ಡಿ ಕೇಳಲಿಲ್ಲ, ನನ್ನ ಪುಣ್ಯ.

ವ್ಯಾಪಾರ ಹೆಂಗಿದೆ ಅಂದೆ.

"ಮೊದ್ಲು ದಿನಕ್ಕೆ ಮೂರ್ ಬುಟ್ಟಿ. ಈಗ ಒಂದು. ಅದ್ರಲ್ಲೂ ಸಂಜೆಗೆ ತಳದಲ್ಲಿ ಉಳೀತದೆ."

"ಬಸ್ಸು ಬರ್ತಾ ಇದೆಯಲ್ಲಣ್ಣಾ?"

"ಬಸ್ಸೇನೋ ಬತ್ತವೆ ಕಣ್ಲಾ. ದೂರ್ದೋರು ಬರಾಕಿಲ್ಲ. ಈಗ ಇದ್ರಾಗ್ ಬರೋರು ಮಂಡ್ಯದಿಂದ ಮದ್ದೂರ್ಗೆ, ಮದ್ದೂರಿಂದ ಚನ್ನಪಟ್ಣಕ್ಕೆ. ಮನೇಲಿ ಉಂಡ್ಕಂಡೇ ಹೊಂಟಿರ್ತರೆ. ಅವ್ರಿಗ್ಯಾಕೆ ವಡೆ?"

ಇದು ನನಗೆ ಹೊಳೆದೇ ಇರಲಿಲ್ಲ. ವಡೆಗೆ ಬೇಕಾದ್ದು ಬರೀ ಜನ ಅಲ್ಲ; ಮನೆ ಬಿಟ್ಟು ಎರಡು ಗಂಟೆಯಾದ, ಇನ್ನೂ ಎರಡು ಗಂಟೆ ಹೋಗಬೇಕಾದ ಜನ. ಅವರೆಲ್ಲ ಈಗ ಬೇಲಿಯ ಆಚೆ, ಗಾಜಿನ ಒಳಗೆ. ಅವನ ಮಗ ಬಿಡದಿ ಕಡೆ ಫ್ಯಾಕ್ಟರಿಗೆ ಹೋಗುತ್ತಾನಂತೆ. ಬುಟ್ಟಿ ಮುಟ್ಟೋದಿಲ್ಲವಂತೆ.

ನನಗೆ ಸಿಟ್ಟು ಬಂತು. "ಹಾಳು ರಸ್ತೆ! ಊರಿನ ಹೊಟ್ಟೆ ಮೇಲೆ ಹೊಡೀತು" ಅಂತ ಡೈಲಾಗ್ ಶುರು ಮಾಡಿದೆ. ಅಣ್ಣ ಕೈಯೆತ್ತಿ ತಡೆದ.

"ಅಂಗನ್ಬೇಡ ಕಣ್ಲಾ. ಹೋದ್ ವರ್ಸ ನಮ್ಮವ್ವಂಗೆ ರಾತ್ರಿ ಹನ್ನೊಂದ್ರಾಗೆ ಎದೆನೋವು ಬಂತು. ಆ ರಸ್ತೇಲೇ ಬೆಂಗ್ಳೂರ್ ಆಸ್ಪತ್ರೆಗೆ ಒಂದೂಕಾಲ್ ಗಂಟೇಲಿ ಸೇರ್ಸಿದ್ದು. ಹಳೇ ರಸ್ತೆ ಆಗಿದ್ರೆ ಅವ್ವ ರಾಮ್ನಗರ ದಾಟ್ತಿರ್ನಿಲ್ಲ. ಈಗ ಮನೇಲವ್ಳೆ, ಈರುಳ್ಳಿ ಅವ್ಳೇ ಸೀಳ್ಕೊಡದು. ಏನಂತ ಬೈಲಿ ಏಳು, ಆ ರಸ್ತೇನ?"

ನನ್ನ ಡೈಲಾಗ್ ಅಲ್ಲೇ ಕಟ್ ಆಯಿತು. ಕಂಡಕ್ಟರು ಸೀಟಿ ಊದಿದರು. ಹತ್ತು ವಡೆ ಕಟ್ಟಿಸಿಕೊಂಡೆ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, "ರೊಕ್ಕ ತೆಗಿ, ಇನ್ಮೇಲೆ ಸಾಲ ಇಲ್ಲ" ಅಂದ.

ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಗಳ ಮುಂದೆ ಎರಡು ಬೈಕು ನಿಂತಿದ್ದವು. ಅಂದ ಹಾಗೆ ಬೈಕಿನ ಹುಡುಗರೇ, 2023ರ ಆಗಸ್ಟ್ 1ರಿಂದ ನಿಮಗೂ ಆಟೋದವರಿಗೂ ಹೊಸ ರಸ್ತೆಯ ಮೇನ್ ದಾರಿಗೆ ಪ್ರವೇಶ ಬಂದ್ ಆಯಿತಲ್ಲ? ಅದಕ್ಕೆ ಬೈದುಕೊಂಡು ಪಕ್ಕದ ದಾರಿ ಹಿಡಿದವರು ನೀವು. ಹೇಗೂ ಪಕ್ಕದಲ್ಲಿದ್ದೀರಿ, ಊರೊಳಗೆ ತಿರುಗಿಸಿ ಸ್ವಾಮಿ! ಬೇಲಿ ಆಚೆಯವರಿಗೆ ಸಿಗದ ವಡೆ ನಿಮಗೆ ಸಿಗುತ್ತೆ.

ರಾಮನಗರ ಬಂದಾಗ ಬಿಸಿಲು ಇಳಿದು ಬಂಡೆಗಳು ಕೆಂಪಾಗಿದ್ದವು. 1973ರ ಅಕ್ಟೋಬರಿನಲ್ಲಿ 'ಶೋಲೆ' ಶೂಟಿಂಗ್ ಶುರುವಾದದ್ದು ಇಲ್ಲಿಯ ರಾಮದೇವರ ಬೆಟ್ಟದ ಬುಡದಲ್ಲಿ. 1975ರ ಆಗಸ್ಟ್ 15ರಂದು ಬಿಡುಗಡೆ. ಇಡೀ ದೇಶ ರಾಮಗಢ ಅಂತ ನೋಡಿದ್ದು ನಮ್ಮ ರಾಮನಗರವನ್ನೇ! ಪಕ್ಕದಲ್ಲಿ ಕೂತಿದ್ದ ಅಜ್ಜಯ್ಯನವರನ್ನ, "ನೀವು ಶೂಟಿಂಗ್ ನೋಡಿದ್ರಾ ಅಜ್ಜಾ?" ಅಂದೆ. "ಇಲ್ಲ ಕಣಪ್ಪ, ನಮ್ಗೆ ರೇಷ್ಮೆ ಹುಳ ಹಣ್ಣಾಗಿದ್ದೋ, ಪುರುಸೊತ್ತಿರ್ಲಿಲ್ಲ" ಅಂದರು. ಇದಕ್ಕಿಂತ ಒಳ್ಳೇ ಸಂದರ್ಶನ ಈ ವರ್ಷ ನನಗೆ ಸಿಕ್ಕಿಲ್ಲ. ಅವರಿಗೊಂದು ವಡೆ ಕೊಟ್ಟೆ. ಪೊಟ್ಟಣ ಬಿಚ್ಚಿದ್ದೇ ತಪ್ಪು, ಹಿಂದಿನ ಸೀಟಿನ ಮಗು ಕೈ ಚಾಚಿತು. ಕಂಡಕ್ಟರಿಗೂ ಒಂದು. ನನಗೆರಡು.

ಬಿಡದಿಯಲ್ಲಿ ಬಸ್ಸು ಎರಡು ನಿಮಿಷ ನಿಂತಿತು. ತಟ್ಟೆ ಇಡ್ಲಿ ಹಬೆ ಮೂಗಿಗೇ ಬಡಿಯಿತು. ತಟ್ಟೆಯಗಲದ ಇಡ್ಲಿ, ಮೇಲೆ ಕರಗುವ ಬೆಣ್ಣೆ. ಆದರೆ ಮೂರು ದೋಸೆ, ಒಂದು ಮುದ್ದೆ, ಕೋಳಿ, ವಡೆ ಸೇರಿ ನನ್ನ ಹೊಟ್ಟೆ ಹೌಸ್‌ಫುಲ್ ಬೋರ್ಡು ಹಾಕಿತ್ತು. ಜೇಬಲ್ಲಿ ಇದ್ದದ್ದೂ ಅಷ್ಟಕ್ಕಷ್ಟೇ. ಕಿಟಕಿಯಿಂದಲೇ ನೋಡಿ ಬಿಟ್ಟೆ. ಅದನ್ನ ಇನ್ನೊಂದು ವಾರಕ್ಕೆ ಇಟ್ಟುಕೊಂಡಿದ್ದೇನೆ.

ಮಾರನೇ ದಿನ ಉಳಿದ ಐದು ವಡೆ ಸಂಪಾದಕರ ಮೇಜಿನ ಮೇಲಿಟ್ಟೆ. ಎರಡು ತಿಂದರು. ಮೂರನೆಯದಕ್ಕೆ ಕೈ ಹಾಕುತ್ತಾ, "ಸರಿ, ಶೂಟಿಂಗ್ ವರದಿ ಎಲ್ಲಯ್ಯಾ?" ಅಂದರು.