ರೋಗಿಯ ಹೊರೆಯನ್ನು ಹೊರಬೇಕಾದವರು ಯಾರು?

ಆರೋಗ್ಯವು ಅಲ್ಲಾಹನ ಮಹಾ ಅನುಗ್ರಹ. ಶರೀರವು ಅವನು ನಮ್ಮಲ್ಲಿ ಇರಿಸಿದ ಅಮಾನತ್ತು. ಕಾಯಿಲೆ ಬಿದ್ದಾಗ ಚಿಕಿತ್ಸೆ ಪಡೆಯುವಂತೆ ಪ್ರವಾದಿ ಮುಹಮ್ಮದ್(ಸ)ರು ತಮ್ಮ ಅನುಯಾಯಿಗಳಿಗೆ ಆದೇಶಿಸಿದ್ದಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟಿ ಬಳಿಕ ಭರವಸೆ ಇಡುವಂತೆ ಅವರು ತಿಳಿಹೇಳಿದ ಪ್ರಸಂಗ ನಮಗೆಲ್ಲ ಪರಿಚಿತ. ಆದ್ದರಿಂದ ನಾಳೆಯ ಕಾಯಿಲೆಗೆ ಇಂದೇ ಸಿದ್ಧತೆ ಮಾಡಿಕೊಳ್ಳುವುದು ತವಕ್ಕುಲ್‌ಗೆ ವಿರುದ್ಧವೇನೂ ಅಲ್ಲ. ಆ ಸಿದ್ಧತೆ ಯಾವ ಬಗೆಯದಾಗಿರಬೇಕು ಎಂಬುದೇ ಇಂದಿನ ಪ್ರಶ್ನೆ. ಖಾಸಗಿ ಕಂಪೆನಿಯ ವಿಮೆಯನ್ನು ಆಶ್ರಯಿಸಬೇಕೇ? ಅಥವಾ ಆರೋಗ್ಯ ರಕ್ಷಣೆಯ ಹೊಣೆ ಸರಕಾರದ ಮೇಲಿರಬೇಕೇ?

ಪ್ರಶ್ನೆಯ ಗಾಂಭೀರ್ಯವನ್ನು ಅಂಕಿ-ಅಂಶಗಳೇ ಹೇಳುತ್ತವೆ. ಕೇಂದ್ರ ಸರಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನರು ತಮ್ಮ ಕಿಸೆಯಿಂದಲೇ ಭರಿಸಿದ್ದರು. 2021-22ರಲ್ಲಿ ಇದು ಶೇ. 39.4ಕ್ಕೆ ಇಳಿದಿದೆ. ಇದು ಸಮಾಧಾನದ ಸಂಗತಿ. ಆದರೆ ದಿನಗೂಲಿಯ ಮನೆಯಲ್ಲಿ ಆ ಉಳಿದ ಪಾಲು ಅಡವಿಟ್ಟ ಚಿನ್ನವಾಗಿ, ಮಾರಿದ ಜಾಗವಾಗಿ, ಅರ್ಧಕ್ಕೆ ನಿಂತ ಮಗಳ ಓದಾಗಿ ಪ್ರತ್ಯಕ್ಷವಾಗುತ್ತದೆ. ಬಡ್ಡಿಯು ಹರಾಮ್ ಎಂದು ಮನಸಾರೆ ನಂಬಿದವನೂ ತೀವ್ರ ನಿಗಾ ಘಟಕದ ಮುಂದೆ ನಿಂತಾಗ ಬಡ್ಡಿ ಸಾಲಕ್ಕೆ ಕೈಚಾಚುವಂತಾಗುತ್ತದೆ.

ಖಾಸಗಿ ವಿಮೆಯ ಪರ ಇರುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಒಳ್ಳೆಯ ಪಾಲಿಸಿ ಇದ್ದವನಿಗೆ ಆಸ್ಪತ್ರೆಯ ಆಯ್ಕೆ ಇದೆ, ಮುಂಗಡ ಹಣಕ್ಕಾಗಿ ಓಡಾಡುವ ಕಷ್ಟ ಕಡಿಮೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷಗಳಿಗಿಂತ ಹೆಚ್ಚು ಕಾಯಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಿಯಮ ಮಾಡಿದೆ.

ಆದರೆ ಈ ವ್ಯಾಪಾರದ ಸ್ವಭಾವವನ್ನು ಯಾವ ನಿಯಮವೂ ಪೂರ್ತಿಯಾಗಿ ಬದಲಿಸಲಾರದು. ಕಂಪೆನಿಯು ಪ್ರತಿಯೊಬ್ಬನ ಅಪಾಯವನ್ನು ಪ್ರತ್ಯೇಕವಾಗಿ ತೂಗಿ ಪ್ರೀಮಿಯಂ ನಿಗದಿ ಮಾಡುತ್ತದೆ. ಯುವಕನಿಗೆ ಅಗ್ಗ, ವೃದ್ಧನಿಗೆ ದುಬಾರಿ. ನಮ್ಮ ಕರಾವಳಿಯ ಸಾವಿರಾರು ಮನೆಗಳನ್ನೇ ನೋಡಿ. ಸೌದಿ ಅರೇಬಿಯದಲ್ಲಿ ದುಡಿಯುವವನಿಗೆ ವಿಮೆ ಮಾಡಿಸುವ ಹೊಣೆ ಕಾನೂನಿನ ಪ್ರಕಾರ ಉದ್ಯೋಗದಾತನದ್ದು. ಐವತ್ತೈದರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹೊತ್ತು ಊರಿಗೆ ಮರಳುವ ದಿನ ಆತನ ಉದ್ಯೋಗ ಮತ್ತು ವಿಮೆ ಎರಡೂ ಒಟ್ಟಿಗೇ ಮುಗಿಯುತ್ತವೆ. ಇಲ್ಲಿ ಹೊಸ ಪಾಲಿಸಿ ಕೇಳಿದರೆ ದೊಡ್ಡ ಪ್ರೀಮಿಯಂ, ವರ್ಷಗಟ್ಟಲೆ ಕಾಯುವ ಅವಧಿ, ಕೆಲವೊಮ್ಮೆ ನಿರಾಕರಣೆ. ಯಾರಿಗೆ ರಕ್ಷಣೆ ಅತ್ಯಗತ್ಯವೋ ಅವನಿಗೇ ಬಾಗಿಲು ಕಿರಿದಾಗುತ್ತದೆ.

ಶರೀಅತ್‌ನ ದೃಷ್ಟಿಯಿಂದಲೂ ಇದು ಚರ್ಚಿತ ವಿಷಯ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು 1985ರಲ್ಲಿ ಜಿದ್ದಾದಲ್ಲಿ ಸಭೆ ಸೇರಿ, ನಿಗದಿತ ಪ್ರೀಮಿಯಂನ ವಾಣಿಜ್ಯ ವಿಮೆಯಲ್ಲಿ ಗಂಭೀರ ಸ್ವರೂಪದ ಗರರ್, ಅಂದರೆ ಅನಿಶ್ಚಿತತೆ ಇರುವುದರಿಂದ ಅದು ಸಮ್ಮತವಲ್ಲವೆಂದು ನಿರ್ಣಯಿಸಿತು. ಪರಸ್ಪರ ನೆರವಿನ ಸಹಕಾರಿ ವಿಮೆಯನ್ನು ಪರ್ಯಾಯವಾಗಿ ಮುಂದಿಟ್ಟಿತು. ಯಮನಿನ ಅಶ್‌ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಎಲ್ಲರ ಬಳಿ ಇದ್ದುದನ್ನು ಒಂದೇ ಬಟ್ಟೆಯಲ್ಲಿ ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರನ್ನು ಪ್ರವಾದಿ(ಸ)ರು ತಮ್ಮವರೆಂದು ಕರೆದು ಪ್ರಶಂಸಿಸಿದ್ದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮಲೇಷ್ಯಾವು 1984ರಲ್ಲೇ ತಕಾಫುಲ್ ಕಾಯ್ದೆ ತಂದಿತು. ನಮ್ಮಲ್ಲಿ ಅಂತಹ ವ್ಯವಸ್ಥೆ ಬೆಳೆದಿಲ್ಲ. ಆದ್ದರಿಂದ ಅನಿವಾರ್ಯತೆಯ ನೆಲೆಯಲ್ಲಿ ರಿಯಾಯಿತಿ ನೀಡುವ ಉಲಮಾಗಳೂ ಇದ್ದಾರೆ, ನೀಡದವರೂ ಇದ್ದಾರೆ. ಈ ಭಿನ್ನಾಭಿಪ್ರಾಯದಲ್ಲಿ ತಾನು ವಿಶ್ವಾಸವಿಟ್ಟ ವಿದ್ವಾಂಸರನ್ನು ಕೇಳಿ ನಡೆಯುವುದು ಪ್ರತಿಯೊಬ್ಬನಿಗೂ ಲೇಸು.

ಸರಕಾರಿ ರಕ್ಷಣೆಯ ತಳಹದಿಯೇ ಬೇರೆ. ಅಲ್ಲಿ ಸಮಾಜದ ಸಂಪತ್ತಿನಿಂದ ರೋಗಿಯ ಹೊರೆ ಇಳಿಸಲಾಗುತ್ತದೆ. ನಿನಗೆ ಎಷ್ಟು ವಯಸ್ಸು, ಯಾವ ಕಾಯಿಲೆ ಎಂದು ಕೇಳಿ ಯಾರನ್ನೂ ಹೊರಗಿಡುವುದಿಲ್ಲ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನಿಗೆ ಖಲೀಫಾ ಉಮರ್(ರ)ರು ಬೈತುಲ್ ಮಾಲ್‌ನಿಂದ ನೆರವು ಗೊತ್ತುಪಡಿಸಿದ ವರದಿ ಇಮಾಮ್ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್‌ನಲ್ಲಿದೆ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಮನ್ಸೂರೀ ಆಸ್ಪತ್ರೆಯು ವಕ್ಫ್ ಆದಾಯದಿಂದ ನಡೆಯುತ್ತಿತ್ತು; ಬಡವ-ಬಲ್ಲಿದ, ಸ್ತ್ರೀ-ಪುರುಷ ಭೇದವಿಲ್ಲದೆ ಗುಣವಾಗುವ ತನಕ ಅಲ್ಲಿ ಉಳಿಯಬಹುದಿತ್ತು. ನಮ್ಮ ದೇಶದ ಸಂವಿಧಾನದ 47ನೇ ವಿಧಿಯೂ ಜನಾರೋಗ್ಯದ ಸುಧಾರಣೆಯನ್ನು ಪ್ರಭುತ್ವದ ಕರ್ತವ್ಯವೆಂದು ಸಾರುತ್ತದೆ.

ಕರ್ನಾಟಕವು ಈ ಹಾದಿಯಲ್ಲಿ ಹಿಂದುಳಿದಿಲ್ಲ. ಸಹಕಾರಿ ರೈತರ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂತು. 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯು ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದುಬಾರಿ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸಿತು. ಅದರ ಫಲಿತಾಂಶದ ಕುರಿತ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಹಳ್ಳಿಗಳ ಬಡ ಕುಟುಂಬಗಳಲ್ಲಿ ಆ ಕಾಯಿಲೆಗಳಿಂದಾದ ಮರಣ ಪ್ರಮಾಣ ಶೇ. 0.32, ಯೋಜನೆ ತಲುಪದ ಹಳ್ಳಿಗಳಲ್ಲಿ ಶೇ. 0.90. ಒಂದು ಜೀವವನ್ನು ಉಳಿಸುವುದು ಇಡೀ ಮಾನವಕುಲವನ್ನು ಉಳಿಸಿದಂತೆ ಎಂದು ಕಲಿತ ನಮಗೆ ಈ ಅಂತರದ ಬೆಲೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಲಭ್ಯ.

ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಈ ಯೋಜನೆಗಳು ಮುಖ್ಯವಾಗಿ ಒಳರೋಗಿಗಳಿಗಾಗಿ ಇರುವಂಥವು. ಜೀವನಪರ್ಯಂತ ನುಂಗಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆಗಳ ಖರ್ಚನ್ನು ಅವು ಭರಿಸುವುದಿಲ್ಲ. ಕಾರ್ಡ್ ಕೈಯಲ್ಲಿದ್ದೂ ಹತ್ತಿರದಲ್ಲಿ ಆಸ್ಪತ್ರೆ ಇಲ್ಲದಿದ್ದರೆ ಏನು ಪ್ರಯೋಜನ? ಉತ್ತರ ಕನ್ನಡದ ಜನರು ಗಂಭೀರ ಕಾಯಿಲೆಗಳಿಗೆ ಇಂದಿಗೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿಗೆ ಧಾವಿಸುತ್ತಿದ್ದಾರೆ. 2025ರೊಳಗೆ ಸರಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹಾಕಿಕೊಂಡಿತ್ತು. 2021-22ರಲ್ಲಿ ಅದು ಶೇ. 1.84ರಲ್ಲಿತ್ತು. ಆದ್ದರಿಂದ ನಮ್ಮ ಬೇಡಿಕೆ ಕಾರ್ಡ್‌ಗೆ ಸೀಮಿತವಾಗಬಾರದು. ಸುಸಜ್ಜಿತ ತಾಲೂಕು ಆಸ್ಪತ್ರೆಯನ್ನೂ, ಅಲ್ಲಿ ವೈದ್ಯರನ್ನೂ ಔಷಧಿಯನ್ನೂ ಕೇಳಬೇಕು. ಉಳ್ಳವರು ಖಾಸಗಿ ಪಾಲಿಸಿ ಹಿಡಿದು ಸರಕಾರಿ ಆಸ್ಪತ್ರೆಯನ್ನು ಮರೆತರೆ, ಅದರ ಕೊರತೆಗಳನ್ನು ಪ್ರಶ್ನಿಸುವ ಧ್ವನಿಯೂ ಅಡಗಿಹೋಗುತ್ತದೆ.

ಇನ್ನು ನಮ್ಮ ಜಮಾಅತ್‌ಗಳ ಹೊಣೆ. ಜುಮುಆದ ಬಳಿಕ ಆಸ್ಪತ್ರೆ ಬಿಲ್ಲಿಗಾಗಿ ಹಣ ಸಂಗ್ರಹಿಸುವುದು ನಮ್ಮಲ್ಲಿ ಸಾಮಾನ್ಯ. ಈ ಔದಾರ್ಯ ಶ್ಲಾಘನೀಯ. ಆದರೆ ಅರ್ಹತೆ ಇದ್ದೂ ಕಾರ್ಡ್ ಮಾಡಿಸದ, ತುರ್ತು ಸ್ಥಿತಿಯಲ್ಲದಿದ್ದರೂ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದ ಕಾರಣಕ್ಕೆ ಬಂದ ಬಿಲ್ಲನ್ನು ಝಕಾತ್ ಹಣದಿಂದ ತೀರಿಸಿದರೆ, ಸರಕಾರ ಕೊಡಬೇಕಾದುದನ್ನು ಬಡವರ ಹಕ್ಕಿನಿಂದ ಕೊಟ್ಟಂತಾಗುತ್ತದೆ. ಪ್ರತಿ ಮೊಹಲ್ಲಾದಲ್ಲಿ ಇಬ್ಬರು ವಿದ್ಯಾವಂತ ಯುವಕ-ಯುವತಿಯರು ಪಡಿತರ ಚೀಟಿ, ಆಧಾರ್‌ಗಳನ್ನು ಪರಿಶೀಲಿಸಿ ಮನೆಮನೆಗೆ ಆರೋಗ್ಯ ಕಾರ್ಡ್ ಮಾಡಿಸಿಕೊಡಲಿ. ಝಕಾತ್-ಸದಕಾಗಳು ಯೋಜನೆ ತಲುಪದಲ್ಲಿಗೆ, ಅಂದರೆ ತಿಂಗಳ ಔಷಧಿಗೆ, ಡಯಾಲಿಸಿಸ್‌ಗೆ ಹೋಗಿಬರುವ ಖರ್ಚಿಗೆ, ರೋಗಿಯ ಜೊತೆ ನಿಂತು ಕೂಲಿ ಕಳೆದುಕೊಂಡವನ ಮನೆಯ ಅನ್ನಕ್ಕೆ ಸಲ್ಲಲಿ.

ನಮ್ಮಲ್ಲಿನ ಉದ್ಯಮಿಗಳಿಗೂ ಒಂದು ಮಾತು. ಇಎಸ್‌ಐ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ 21,000 ರೂಪಾಯಿವರೆಗೆ ವೇತನ ಪಡೆಯುವ ಕಾರ್ಮಿಕನಿಗಾಗಿ ಮಾಲಕನು ವೇತನದ ಶೇ. 3.25, ಕಾರ್ಮಿಕನು ಶೇ. 0.75 ಪಾವತಿಸಬೇಕು. ಇದನ್ನು ಉಳಿಸಲು ಕಾರ್ಮಿಕನ ಹೆಸರನ್ನೇ ದಾಖಲಿಸದೆ, ರಮಝಾನಿನಲ್ಲಿ ಅವನಿಗೆ ಕಿಟ್ ಹಂಚಿದರೆ ಆತನ ಹಕ್ಕು ಸಂದಂತಾಗದು.

ಖಾಸಗಿ ಪಾಲಿಸಿ ಪಡೆಯುವವರು ತಮ್ಮ ಕಾಯಿಲೆಯನ್ನು ಮರೆಮಾಚದಿರಲಿ. ಅದು ವಂಚನೆಯೂ ಹೌದು, ಮುಂದೆ ಕ್ಲೇಮ್ ತಿರಸ್ಕೃತವಾಗಲು ಕಾರಣವೂ ಹೌದು. ಅನ್ಯಾಯವಾಗಿ ತಿರಸ್ಕರಿಸಿದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಪಾಲಿಸಿ ಕೊಳ್ಳುವ ಶಕ್ತಿ ಇರುವವನು ಅದರಿಂದ ತನ್ನ ಕುಟುಂಬವನ್ನು ಕಾಪಾಡಿಕೊಳ್ಳಬಹುದು. ಆದರೆ ನೆರೆಮನೆಯ ರೋಗಿಯ ಕುರಿತ ಅವನ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲರಿಗೂ ತಲುಪುವ ಸರಕಾರಿ ರಕ್ಷಣೆಗಾಗಿ ದನಿ ಎತ್ತುವುದು ಆ ಹೊಣೆಯ ಭಾಗವೇ ಆಗಿದೆ. ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಅವರ ಹೊರೆ ಹೊರುವ ಹೆಗಲುಗಳಿಗೆ ಬಲ ನೀಡಲಿ. ಆಮೀನ್.