“ಜಪಾನಿನಲ್ಲಿ ಏನು ತಿಂದಿರಿ?”



ಜಪಾನಿನಿಂದ ಮರಳಿದ ಮೇಲೆ ನನ್ನನ್ನು ಕಂಡವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಏನು ತಿಂದಿರಿ?” ಬುಲೆಟ್ ರೈಲು ಹೇಗಿತ್ತು, ಫ್ಯೂಜಿ ಪರ್ವತ ಕಂಡಿತೇ ಎಂದು ಕೇಳಿದವರು ಕಡಿಮೆ. ಇದು ಸಹಜವೇ. ಊರು ಬಿಟ್ಟು ಹೊರಟ ಕೂಡಲೇ ನಮ್ಮನ್ನು ಕಾಡುವ ಮೊದಲ ಚಿಂತೆ ಊಟದ್ದು. ಹಲಾಲ್ ಸಿಗುತ್ತದೆಯೇ? ಸಿಗದಿದ್ದರೆ ಮಕ್ಕಳಿಗೆ ಏನು ಕೊಡುವುದು? ಈ ಬಾರಿ ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ಜೊತೆಗೆ, ಅಲ್ಲಿ ಒಂದು ಊಟ ಸಿಗದೇ ಹೋದಾಗ ನಾನು ಕಲಿತ ಪಾಠವನ್ನೂ ಹೇಳಬೇಕಾಗಿದೆ.

ನನ್ನ ಮೈದುನ ಟೋಕಿಯೋದಲ್ಲಿ ಕೆಲಸದಲ್ಲಿದ್ದಾರೆ. ಕಳೆದ ನವೆಂಬರಿನಲ್ಲಿ ಯಜಮಾನರು, ಅತ್ತೆ, ಮಗಳು ಮತ್ತು ನಾನು ಹತ್ತು ದಿನಗಳ ಮಟ್ಟಿಗೆ ಹೊರಟೆವು. ಹೊರಡುವ ಮುನ್ನ ಅತ್ತೆ ಒಂದು ಪೆಟ್ಟಿಗೆ ತುಂಬ ಅವಲಕ್ಕಿ, ಒಣ ರೊಟ್ಟಿ, ಮಾವಿನ ಉಪ್ಪಿನಕಾಯಿ ತುಂಬಿಸಿದರು. ಮಾಂಸದ ಉಪ್ಪಿನಕಾಯಿಯನ್ನೂ ಇಡುವುದರಲ್ಲಿದ್ದರು. ಮೈದುನ ಫೋನಿನಲ್ಲೇ ತಡೆದರು. ಮಾಂಸದ ಪದಾರ್ಥಗಳನ್ನು, ಒಣಗಿಸಿದ್ದಾಗಲಿ ಬೇಯಿಸಿದ್ದಾಗಲಿ, ಜಪಾನಿನೊಳಗೆ ಒಯ್ಯಲು ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಕಟ್ಟುನಿಟ್ಟು. ಹೋಗುವವರು ಇದನ್ನು ನೆನಪಿಡಿ.

ಪಕ್ಕದ ಮನೆಯ ಟೀಚರ್ ಒಂದು ಬಾಟಲಿ ಚಟ್ನಿಪುಡಿ ತಂದುಕೊಟ್ಟರು. ಅವರು ಶುದ್ಧ ಸಸ್ಯಾಹಾರಿಗಳು. “ನಮ್ಮನೆ ಒರಳಲ್ಲೇ ಕುಟ್ಟಿದ್ದು. ಅನುಮಾನ ಬೇಡ, ಧೈರ್ಯವಾಗಿ ತಿನ್ನಿ” ಎಂದರು. ಆ ಬಾಟಲಿಯ ನೆನಪು ನಿಮಗಿರಲಿ.

ಮೊದಲ ದಿನ ಟೋಕಿಯೋದ ಅಸಾಕುಸಾಕ್ಕೆ ಹೋದೆವು. ಸೆನ್ಸೋಜಿ ಎಂಬ ಹಳೆಯ ಬೌದ್ಧ ದೇವಾಲಯ ಅಲ್ಲಿದೆ. ಹೆಬ್ಬಾಗಿಲಲ್ಲಿ ಆಳೆತ್ತರಕ್ಕೂ ಮಿಗಿಲಾದ ಕೆಂಪು ಕಾಗದದ ಲಾಂದ್ರ ತೂಗುತ್ತದೆ. ಅದರಾಚೆ ಉದ್ದಕ್ಕೆ ಬೀದಿಯ ಎರಡೂ ಬದಿಗಳಲ್ಲಿ ಬೀಸಣಿಗೆ, ಗೊಂಬೆ, ತಿಂಡಿಗಳ ಪುಟ್ಟ ಅಂಗಡಿಗಳು. ಅಕ್ಕಿಹಿಟ್ಟಿನ ಹಪ್ಪಳದಂಥ ‘ಸೆನ್ಬೆ’ಯನ್ನು ಕೆಂಡದ ಮೇಲೆ ಸುಟ್ಟು, ಸೋಯಾ ಸಾಸ್ ಸವರಿ ಕೊಡುತ್ತಾರೆ. ಪರಿಮಳಕ್ಕೆ ಮಗಳು ಅಲ್ಲೇ ನಿಂತುಬಿಟ್ಟಳು.

ಹಸಿವಾದಾಗ ಮೈದುನ ಒಂದು ಅಂಗಡಿಯಿಂದ ಅನ್ನದ ಮುದ್ದೆಗಳನ್ನು ತಂದರು. ಇದಕ್ಕೆ ಒನಿಗಿರಿ ಎನ್ನುತ್ತಾರೆ. ಮುಕ್ಕೋನಾಕಾರದ ಅನ್ನದ ಮುದ್ದೆಗೆ ಕಡಲ ಪಾಚಿಯ ಹಾಳೆ ಸುತ್ತಿರುತ್ತಾರೆ, ಒಳಗೆ ಮೀನೋ ಉಪ್ಪಿನಕಾಯಿಯೋ ಇರುತ್ತದೆ. “ಒಳಗೇನಿದೆ?” ಎಂದು ಅತ್ತೆ ಕೇಳಿದರು. “ಸಾಕೆ” ಎಂದರು ಮೈದುನ. ಜಪಾನಿನ ಮದ್ಯದ ಹೆಸರು ಸಾಕೆ ಎಂದು ಅತ್ತೆ ವಿಮಾನದಲ್ಲೇ ಕೇಳಿ ತಿಳಿದಿದ್ದರು. ಹಾವು ಮುಟ್ಟಿದವರಂತೆ ಕೈ ಹಿಂದೆಗೆದರು! ಆಮೇಲೆ ತಿಳಿಯಿತು, ಸಾಲ್ಮನ್ ಮೀನಿಗೂ ಅಲ್ಲಿ ಸಾಕೆ ಎನ್ನುತ್ತಾರೆ. ಬರೆಯುವ ಅಕ್ಷರ ಬೇರೆ, ಉಚ್ಚಾರ ಮಾತ್ರ ಒಂದೇ. ಅಂದು ನಕ್ಕೆವು. ಆದರೆ ಅತ್ತೆ ಮಾಡಿದ್ದೇ ಸರಿ. ಅನುಮಾನ ಬಂದರೆ ಕೈ ಹಿಂದೆಗೆಯಬೇಕು, ಕೇಳಬೇಕು, ತಿಳಿದ ಮೇಲೆ ತಿನ್ನಬೇಕು.

ಜಪಾನಿನ ಅಡುಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದನ್ನು ಕೇಳಬೇಕು. ಮೀನು, ತರಕಾರಿ, ಸೋಯಾ ಹಾಲಿನ ತೋಫು, ಅನ್ನ ಎಲ್ಲವೂ ಹೇರಳವಾಗಿವೆ. ಇದಕ್ಕೆ ಕಾರಣವೂ ಇದೆ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸಕ್ಕೆ ನಿಷೇಧ ಹಾಕಿದ್ದ. ಬೌದ್ಧ ಧರ್ಮದ ಪ್ರಭಾವದಿಂದ ಅಲ್ಲಿನ ಜನ ಶತಮಾನಗಳ ಕಾಲ ಮಾಂಸದಿಂದ ಬಹುಮಟ್ಟಿಗೆ ದೂರವೇ ಉಳಿದರು. 1872ರಲ್ಲಿ ಮೈಜಿ ಚಕ್ರವರ್ತಿ ದನದ ಮಾಂಸ ಸೇವಿಸಿದ ಸುದ್ದಿ ಹರಡಿದ ಮೇಲೆ ಮಾಂಸದೂಟ ಬೆಳೆಯಿತು. ಆದ್ದರಿಂದ ಮೀನು ತಿನ್ನುವ ನಮ್ಮ ಕರಾವಳಿಯವರಿಗೆ ಅಲ್ಲಿ ಹಸಿವಿನ ಭಯವಿಲ್ಲ. ಉಪ್ಪು ಸವರಿ ಸುಟ್ಟ ಬಂಗುಡೆ, ಬಿಸಿ ಅನ್ನ, ಮೂಲಂಗಿಯ ತುರಿ ಮುಂದಿಟ್ಟರೆ ಅತ್ತೆಗೆ ಮನೆಯೂಟದಂತೆಯೇ ಅನಿಸಿತು. ಹನಫಿ ಮಝ್‌ಹಬಿನವರು ಸಿಗಡಿ, ಏಡಿಗಳ ವಿಷಯದಲ್ಲಿ ತಮ್ಮ ಉಲಮಾಗಳ ಮಾತಿನಂತೆ ನಡೆದುಕೊಳ್ಳಲಿ.

ಕಾಣದ್ದು ಯಾವುದೆಂದರೆ, ಮೊದಲನೆಯದು ಮಿರಿನ್. ಇದು ಅಡುಗೆಗೆ ಸಿಹಿ, ಹೊಳಪು ಕೊಡುವ ಅಕ್ಕಿಯ ಮದ್ಯ. ಅದರಲ್ಲಿ ಸುಮಾರು ಶೇ. 14ರಷ್ಟು ಮದ್ಯಸಾರವಿರುತ್ತದೆ. ನೂಡಲ್ಸಿನ ಸಾರಿಗೆ, ಮೀನಿನ ಪಲ್ಯಕ್ಕೆ, ಕೆಲವು ಕಡೆ ಸುಶಿಯ ಅನ್ನಕ್ಕೂ ಬಳಸುತ್ತಾರೆ. ಎರಡನೆಯದು ಅಡುಗೆಗೆ ಹಾಕುವ ಸಾಕೆ. ಮೂರನೆಯದು ಸೋಯಾ ಸಾಸ್. ಹುದುಗುವಾಗ ಅದರಲ್ಲಿ ತಾನಾಗಿಯೇ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ, ಕೆಲವು ತಯಾರಕರು ಕೆಡದಿರಲೆಂದು ಪ್ರತ್ಯೇಕವಾಗಿಯೂ ಸೇರಿಸುತ್ತಾರೆ. ಇದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನಾನು ಫತ್ವಾ ಹೇಳುವವಳಲ್ಲ, ಹೋಗುವ ಮುನ್ನವೇ ಕೇಳಿ ತಿಳಿದುಕೊಳ್ಳಿ. ಹಲಾಲ್ ಮುದ್ರೆಯ ಸೋಯಾ ಸಾಸ್ ಜಪಾನಿನಲ್ಲೇ ತಯಾರಾಗುತ್ತದೆ ಎಂಬುದು ಸಮಾಧಾನದ ವಿಷಯ. ಇನ್ನು ಬ್ರೆಡ್ಡು, ಬಿಸ್ಕತ್ತುಗಳ ಕೊಬ್ಬು, ಪುಡ್ಡಿಂಗಿನ ಜೆಲಾಟಿನ್, ನೂಡಲ್ಸ್ ಪೊಟ್ಟಣದ ಮಸಾಲೆ ಇವುಗಳಲ್ಲಿ ಹಂದಿಯ ಅಂಶ ಇರಬಹುದು.

ಮೈದುನ ನಮಗೆ ಒಂದು ಚೀಟಿ ಬರೆದುಕೊಟ್ಟಿದ್ದರು: ‘ನಾವು ಮುಸ್ಲಿಮರು. ಹಂದಿ, ಮದ್ಯ, ಮಿರಿನ್ ನಮಗೆ ವರ್ಜ್ಯ. ಮೀನು, ಮೊಟ್ಟೆ, ತರಕಾರಿ ತಿನ್ನುತ್ತೇವೆ. ಈ ಅಡುಗೆಯಲ್ಲಿ ಅವು ಇವೆಯೇ, ದಯವಿಟ್ಟು ತಿಳಿಸಿ.’ ನಿಜ ಹೇಳುತ್ತೇನೆ, ಮೊದಲೆರಡು ದಿನ ಅದನ್ನು ತೋರಿಸಲು ನನಗೆ ನಾಚಿಕೆ. ನಾಲ್ಕು ಜನರ ನಡುವೆ ಚೀಟಿ ಹಿಡಿದು ನಿಲ್ಲುವುದು ಹೇಗೆ, ಏನಂದುಕೊಂಡಾರು ಎಂಬ ಅಳುಕು. ಅತ್ತೆಯೇ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು, ಮೊದಲ ಅಂಗಡಿಯಲ್ಲಿ ಮುಂದೆ ಚಾಚಿದವರು.

ಟೋಕಿಯೋದಲ್ಲಿ ಎರಡು ಹೊತ್ತಿನ ಚಿಂತೆ ತೀರಿತು. ಅಸಾಕುಸಾದಲ್ಲಿ ಹಲಾಲ್ ಕೋಳಿಯ ಸಾರಿನ ರಾಮೆನ್ ನೂಡಲ್ಸ್ ಸಿಗುತ್ತದೆ. ಶಿನ್‌ಓಕುಬೊ ಎಂಬಲ್ಲಿ ಹಲಾಲ್ ಮಾಂಸ, ನಮ್ಮ ಮಸಾಲೆ ಮಾರುವ ಅಂಗಡಿಗಳ ಬೀದಿಯೇ ಇದೆ. ಯೊಯೊಗಿ ಉಯೆಹಾರಾ ನಿಲ್ದಾಣದ ಬಳಿ ಟೋಕಿಯೋ ಜಾಮಿ ಮಸೀದಿಯಲ್ಲಿ ನಮಾಝ್ ಮಾಡಿದೆವು. ರಷ್ಯಾದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ತಾತಾರ್ ಮುಸ್ಲಿಮರು 1938ರಲ್ಲಿ ಕಟ್ಟಿದ ಮಸೀದಿ ಅಲ್ಲಿತ್ತು. ಅದು ಶಿಥಿಲವಾದ ಬಳಿಕ, ತುರ್ಕಿಯ ನೆರವಿನಿಂದ ಈಗಿನ ಕಟ್ಟಡವೆದ್ದು 2000ದಲ್ಲಿ ತೆರೆಯಿತು. ನಾವು ಹೋದಾಗ ಜಪಾನೀ ಮಹಿಳೆಯರ ಒಂದು ಗುಂಪು ತಲೆಗೆ ಬಟ್ಟೆ ಹೊದ್ದು, ನೋಡಲೆಂದು ಸದ್ದಿಲ್ಲದೆ ಕುಳಿತಿತ್ತು.

ಕೋಬೆಯಲ್ಲಿ ನೋಡಿದ ಮಸೀದಿ ಇನ್ನೂ ಹಳೆಯದು. 1935ರಲ್ಲಿ ತೆರೆದ ಅದು ಜಪಾನಿನ ಮೊದಲ ಮಸೀದಿ. ಅದಕ್ಕೆ ಹಣ ಕೂಡಿಸಿದವರಲ್ಲಿ ಆ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಭಾರತೀಯ ಮುಸ್ಲಿಮರೂ ಇದ್ದರು. 1945ರ ಬಾಂಬ್ ದಾಳಿಯಲ್ಲಿ ಊರು ಸುಟ್ಟರೂ, 1995ರ ಜನವರಿಯ ಭೂಕಂಪದಲ್ಲಿ ಸಾವಿರಾರು ಮಂದಿ ಸತ್ತರೂ ಮಸೀದಿಯ ಕಟ್ಟಡ ಅಲ್ಲಾಹನ ಕೃಪೆಯಿಂದ ನಿಂತಿತು. ಹಲಾಲ್ ಎಂಬ ಪದವನ್ನೇ ಕೇಳಿರದ ಊರಲ್ಲಿ ತೊಂಬತ್ತು ವರ್ಷಗಳ ಹಿಂದೆ ಆ ಮನೆಗಳ ಹೆಂಗಸರು ಹೇಗೆ ಅಡುಗೆ ಮಾಡಿದ್ದಾರು ಎಂದು ಯೋಚಿಸುತ್ತಾ ಕುಳಿತೆ. ನಮ್ಮ ಕೈಯಲ್ಲಿ ಚೀಟಿಯಾದರೂ ಇತ್ತು.

ಅಲ್ಲಿಂದ ರೈಲಿನಲ್ಲಿ ಹಿರೋಶಿಮಾಕ್ಕೆ ಹೋದೆವು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಆ ಊರ ಮೇಲೆ ಅಣುಬಾಂಬು ಬಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಮಂದಿ. ಚಾವಣಿಯ ಅಸ್ಥಿಪಂಜರ ಮಾತ್ರ ಉಳಿದ ಒಂದು ಕಟ್ಟಡವನ್ನು ಹಾಗೆಯೇ ಇರಿಸಿದ್ದಾರೆ. ಪಕ್ಕದ ವಸ್ತು ಸಂಗ್ರಹಾಲಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಊಟದ ಡಬ್ಬಿ. ಶಾಲಾ ಬಾಲಕನೊಬ್ಬನಿಗೆ ತಾಯಿ ಅಂದು ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿ. ಅವನು ತಿನ್ನಲಿಲ್ಲ. ಒಳಗಿನ ಅನ್ನ ಕರಿಯ ಇದ್ದಿಲಾಗಿದೆ. ಕೆಲವು ದಿನಗಳ ಬಳಿಕ ತಾಯಿಗೆ ಮಗ ಸಿಕ್ಕಿದಾಗ ಡಬ್ಬಿ ಅವನ ದೇಹದ ಬಳಿಯೇ ಇತ್ತು. ಮಗಳ ಕೈ ಹಿಡಿದುಕೊಂಡು ಹೊರಬಂದೆ. ದಿನವೂ ಮಕ್ಕಳ ಡಬ್ಬಿ ತುಂಬಿಸುವ ನಿಮಗೆ ಹೆಚ್ಚು ವಿವರಿಸಬೇಕಿಲ್ಲ.

ಮಧ್ಯಾಹ್ನ ಮೀರಿತ್ತು, ಮಗಳು ಹಸಿದಿದ್ದಳು. ಹಿರೋಶಿಮಾದ ಹೆಸರಾಂತ ತಿಂಡಿ ಒಕೊನೊಮಿಯಾಕಿ. ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ತೆಳುವಾದ ಹಿಟ್ಟಿನ ದೋಸೆ ಹೊಯ್ದು, ಮೇಲೆ ರಾಶಿ ಕೋಸು, ನೂಡಲ್ಸ್, ಮೊಟ್ಟೆ ಪದರ ಪದರವಾಗಿ ಹಾಕಿ ಮಗುಚುತ್ತಾರೆ. ಯುದ್ಧದ ನಂತರ ಅಕ್ಕಿಯಿಲ್ಲದ ಕಾಲದಲ್ಲಿ ಗೋದಿಹಿಟ್ಟಿನಿಂದ ಹೊಟ್ಟೆ ತುಂಬಿಸಿದ ತಿಂಡಿಯಿದು. ನಡುವೆ ಹಂದಿ ಮಾಂಸದ ತುಂಡುಗಳನ್ನಿಡುವುದು ವಾಡಿಕೆ. ಅದನ್ನು ಬಿಟ್ಟು ಮಾಡಿಕೊಟ್ಟರೆ ಸಾಕಲ್ಲ ಎಂದುಕೊಂಡು ಒಂದು ಪುಟ್ಟ ಅಂಗಡಿಗೆ ಹೊಕ್ಕೆವು.

ಅಂಗಡಿಯಲ್ಲಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ಚೀಟಿಯನ್ನು ಎರಡೂ ಕೈಗಳಿಂದ ತೆಗೆದುಕೊಂಡು ಎರಡು ಸಲ ಓದಿದರು. ಸಾಸಿನ ಬಾಟಲಿ ತಂದು, ಹಿಂಬದಿಯ ಅಕ್ಷರಗಳನ್ನು ಕನ್ನಡಕ ಸರಿಪಡಿಸಿಕೊಂಡು ಓದಿದರು. ಆಮೇಲೆ ಕಾವಲಿಯತ್ತ ಬೆರಳು ತೋರಿಸಿದರು. ಅದರ ಮೇಲೆ ಬೇರೆಯವರಿಗಾಗಿ ಹಂದಿ ಮಾಂಸ ಬೇಯುತ್ತಿತ್ತು. ಕೊನೆಗೆ ಎರಡೂ ತೋಳುಗಳನ್ನು ಎದೆಯ ಮುಂದೆ ಅಡ್ಡಲಾಗಿ ಹಿಡಿದರು. ಆಗದು ಎನ್ನಲು ಅಲ್ಲಿನವರು ಮಾಡುವ ಸನ್ನೆಯದು. ಬಾಗಿ ಕ್ಷಮೆ ಕೇಳಿದರು. ನಾವು ಎದ್ದು ಬಾಗಿಲು ದಾಟಿದ ಮೇಲೆ ಹಿಂದಿನಿಂದ ಓಡಿ ಬಂದು ಮಗಳ ಕೈಗೆ ಎರಡು ಕಿತ್ತಳೆ ಇಟ್ಟರು.

ಅವರಿಗೆ ನಾಲ್ಕು ಜನರ ವ್ಯಾಪಾರ ತಪ್ಪಿತು. ಏನೂ ಹೇಳದೆ, ಹಂದಿಯ ತುಂಡು ಬದಿಗೆ ಸರಿಸಿ ಮಾಡಿಕೊಟ್ಟಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ದೀನ್ ಏನೆಂಬುದು ಅವರಿಗೆ ತಿಳಿಯದು. ಆದರೆ ನಾವು ಕೇಳಿದ ಪ್ರಶ್ನೆ ಅವರಿಗೆ ಅಮಾನತ್ ಆಗಿತ್ತು.

ನದಿಯ ದಂಡೆಯ ಬೆಂಚಿನಲ್ಲಿ ಕುಳಿತು, ಅಂಗಡಿಯಿಂದ ತಂದ ಬರೀ ಅನ್ನಕ್ಕೆ ಟೀಚರ್ ಕೊಟ್ಟ ಚಟ್ನಿಪುಡಿ ಕಲಸಿದೆ. ಕಿತ್ತಳೆ ಸುಲಿದೆ. ತುತ್ತು ಬಾಯಿಗಿಟ್ಟಾಗ ಮನಸ್ಸಿಗೆ ಚುಚ್ಚಿತು.

ಸಹೋದರಿಯರೇ, ಆರು ವರ್ಷಗಳ ಹಿಂದಿನ ಈದ್ ದಿನ ಟೀಚರ್ ನಮ್ಮ ಮನೆಗೆ ಬಂದಿದ್ದರು. ತರಕಾರಿ ಸಮೋಸ ಕೊಟ್ಟೆ. “ಇದೇ ಎಣ್ಣೆಯಲ್ಲಿ ಮಾಂಸದ್ದೂ ಕರಿದಿರಾ?” ಎಂದು ಸಂಕೋಚದಿಂದ ಕೇಳಿದರು. “ಇಲ್ಲ ಟೀಚರ್, ತಿನ್ನಿ” ಎಂದು ನಕ್ಕೆ. ಕರಿದದ್ದು ಅದೇ ಎಣ್ಣೆಯಲ್ಲಿ. ಹಬ್ಬದ ಗಡಿಬಿಡಿ, ಅತಿಥಿ ತಿನ್ನದೆ ಹೋಗಬಾರದೆಂಬ ಆಸೆ, ಎಣ್ಣೆಯಲ್ಲೇನಿದೆ ಎಂಬ ಉಡಾಫೆ. ಅವರು ನಂಬಿ ತಿಂದರು. ಹಲಾಲಿಗಾಗಿ ಚೀಟಿ ಹಿಡಿದು ಊರೂರು ಅಲೆದ ನಾನು, ನನ್ನ ಮನೆಯಲ್ಲಿ ಅವರ ಪಥ್ಯವನ್ನು ಮುರಿದಿದ್ದೆ.

ಊರಿಗೆ ಬಂದ ಮರುದಿನವೇ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಟೀಚರ್ ಬಹಳ ಹೊತ್ತು ಮಾತಾಡಲಿಲ್ಲ. ಮುಖ ಬಾಡಿತ್ತು. “ಹೇಳಿದ್ದು ಒಳ್ಳೆಯದಾಯಿತು” ಎಂದಷ್ಟೇ ಅಂದರು. ಹೊರಡುವಾಗ ನಾನು ಕೊಟ್ಟ ಜಪಾನಿನ ಬೀಸಣಿಗೆಯನ್ನು ತೆಗೆದುಕೊಂಡರು. ಮುಂದಿನ ಈದ್‌ಗೆ ಬರುತ್ತಾರೋ ಇಲ್ಲವೋ, ಕೇಳಲು ನನಗೆ ಬಾಯಿ ಬರಲಿಲ್ಲ. ಅವರಿಗಾಗಿ ಒಂದು ಹೊಸ ಬಾಣಲೆ ಮಾತ್ರ ತಂದಿಟ್ಟಿದ್ದೇನೆ.

ಹಾಗಾಗಿ ಜಪಾನಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಅಲ್ಲಿನ ಭಾಷೆಯಲ್ಲಿ ಚೀಟಿ ಬರೆಸಿ ಪರ್ಸಿನಲ್ಲಿಡಿ, ತೋರಿಸಲು ನಾಚಬೇಡಿ. ಹಂದಿ ಮಾಂಸಕ್ಕೆ ಬುತಾನಿಕು, ಮದ್ಯಕ್ಕೆ ಒಸಾಕೆ ಎನ್ನುತ್ತಾರೆ, ಈ ಎರಡು ಪದ ಬಾಯಿಪಾಠ ಮಾಡಿ. ರೈಲಿನ ಪ್ರಯಾಣಕ್ಕೆ ಹಣ್ಣು, ಬೇಯಿಸಿದ ಮೊಟ್ಟೆ, ಅನ್ನ ಜೊತೆಗಿರಲಿ. ಊಟಕ್ಕೆ ಮುನ್ನ ಅವರು ಕೈ ಜೋಡಿಸಿ ‘ಇತಾದಾಕಿಮಾಸು’ ಎನ್ನುತ್ತಾರೆ, ಸಿಕ್ಕಿದ್ದನ್ನು ವಿನಯದಿಂದ ಸ್ವೀಕರಿಸುತ್ತೇನೆ ಎಂಬರ್ಥದಲ್ಲಿ. ನೀವು ಬಿಸ್ಮಿಲ್ಲಾ ಹೇಳಿ ತಿನ್ನಿ.

ಇನ್ನು ಜಪಾನಿಗೆ ಹೋಗದವರಿಗೂ ಒಂದು ಮಾತು. ನಿಮ್ಮ ಮನೆಯ ಮದುವೆಗೆ, ಈದ್‌ಗೆ, ಇಫ್ತಾರಿಗೆ ನೆರೆಯವರು ಬಂದು “ಇದರಲ್ಲಿ ಏನಿದೆ?” ಎಂದು ಕೇಳಿದರೆ, ಇದ್ದದ್ದನ್ನು ಇದ್ದಂತೆ ಹೇಳಿ. ಅವರು ತಿನ್ನದೆ ಹೋದರೂ ಪರವಾಗಿಲ್ಲ, ಕೈಗೆ ಎರಡು ಕಿತ್ತಳೆ ಇಟ್ಟು ಕಳುಹಿಸಿ.